ಮಿಸ್ಟರ್ ಬ್ರೌನ್ ಯಾರು ಅಂತ ಮಾತ್ರ ಕೇಳಬೇಡಿ

ಹೋದ ತಿಂಗಳು ಈ ಪುಟದಲ್ಲಿ ಒಂದು ಪುಸ್ತಕದ ಹೆಸರು ಹೇಳಿ, ಓದಿ ಬರೆಯಿರಿ ಎಂದಿದ್ದೆ. ಇಂಗ್ಲೆಂಡಿನ ಪತ್ತೇದಾರಿ ಲೇಖಕಿ ಅಗಾಥಾ ಕ್ರಿಸ್ಟಿಯ 'ದಿ ಸೀಕ್ರೆಟ್ ಅಡ್ವರ್ಸರಿ'. 1922ರ ಕಾದಂಬರಿ, ಆಕೆಯ ಎರಡನೆಯದು. ಇದರಲ್ಲಿ ಆಕೆಯ ಹೆಸರಾಂತ ಪತ್ತೇದಾರರು ಯಾರೂ ಇಲ್ಲ: ಮೀಸೆಯ ಪೊಯ್ರೊ ಇಲ್ಲ, ಹೆಣಿಗೆ ಹಾಕುವ ಮಾರ್ಪಲ್ ಅಜ್ಜಿಯೂ ಇಲ್ಲ. ಇರುವವರು ಟಾಮಿ ಎಂಬ ಹುಡುಗ, ಟಪೆನ್ಸ್ ಎಂಬ ಹುಡುಗಿ. ಮೊದಲ ಮಹಾಯುದ್ಧ ಮುಗಿದು ಲಂಡನ್ನಿನಲ್ಲಿ ಕೆಲಸವಿಲ್ಲದೆ ಅಲೆಯುತ್ತಿರುವ ಇಬ್ಬರು ಹುಡುಗು ಮುಂಡೇವು. ಇಬ್ಬರ ವಯಸ್ಸು ಕೂಡಿಸಿದರೂ ನಲವತ್ತೈದು ಆಗುವುದಿಲ್ಲ. ಒಂದು ಟೀ ಅಂಗಡಿಯಲ್ಲಿ ಕೂತು, ದುಡ್ಡು ಕೊಟ್ಟರೆ ಎಂಥ ಸಾಹಸಕ್ಕೂ ಸೈ ಅಂತ ಜಾಹೀರಾತು ಕೊಡುವ ಯೋಚನೆ ಮಾಡುತ್ತಾರೆ. ಜಾಹೀರಾತು ಪತ್ರಿಕೆಗೆ ಹೋಗುವ ಮೊದಲೇ ಆ ಮಾತು ಬೇರೊಬ್ಬನ ಕಿವಿಗೆ ಬೀಳುತ್ತದೆ. ಅಲ್ಲಿಂದ ಶುರು: ಕಾಣೆಯಾದ ಜೇನ್ ಫಿನ್ ಎಂಬ ಹುಡುಗಿ, ಸರ್ಕಾರವನ್ನೇ ಬೀಳಿಸಬಲ್ಲ ಒಂದು ಕಾಗದ, ಯಾರೂ ಗುರುತು ಹಿಡಿಯದ ಮಿಸ್ಟರ್ ಬ್ರೌನ್ ಎಂಬ ಕೇಡಿ.

ನಾನು ಮೈಸೂರಿನಲ್ಲಿ 29 ವರ್ಷ ಲೆಂಡಿಂಗ್ ಲೈಬ್ರರಿ ನಡೆಸಿದವಳು. ಒಂದು ಗೋಡೆಗೆ ಎನ್. ನರಸಿಂಹಯ್ಯನವರ ಪತ್ತೇದಾರಿ ಸಾಲು, ಎದುರು ಗೋಡೆಗೆ ಸಂಸಾರದ ಕಾದಂಬರಿಗಳು. ಟಿ.ಕೆ. ರಾಮರಾಯರೊಬ್ಬರು ನನಗೆ ಸದಾ ತಲೆನೋವು. ಪತ್ತೇದಾರಿಯನ್ನೂ ಬರೆದರು, 'ಬಂಗಾರದ ಮನುಷ್ಯ'ವನ್ನೂ ಬರೆದರು. ಅವರನ್ನು ಎರಡೂ ಕಡೆ ಹಂಚಿದ್ದೆ. ಇಂಗ್ಲಿಷ್ ಬೀರುವಿನಲ್ಲಿ ಅದೇ ಪಾಡು ಈ ಪುಸ್ತಕದ್ದು. ಕೊಲೆ ಪುಸ್ತಕಗಳ ಜೊತೆ ಇಟ್ಟರೆ 'ಇದೇನ್ರೀ, ಬರೀ ತಮಾಷೆ' ಅಂತ ವಾಪಸ್ ಬರುತ್ತಿತ್ತು. ಪ್ರೇಮದ ಸಾಲಿಗೆ ಹಾಕಿದರೆ 'ಇದರಲ್ಲಿ ಪ್ರೇಮ ಎಲ್ಲಿದೆ' ಅಂತ ವಾಪಸ್. ಕೊನೆಗೆ ನನ್ನ ಮೇಜಿನ ಮೇಲೇ ಇಟ್ಟುಕೊಂಡೆ.

ಈ ಸಲ 43 ಪತ್ರ ಬಂದಿವೆ. ಹೆಚ್ಚುಕಮ್ಮಿ ಅವೇ ಎರಡು ದೂರುಗಳು! ಕೆಲವಕ್ಕೆ ಇಲ್ಲಿ ಉತ್ತರ.

ಮೇಡಂ, ನೀವು ಇದನ್ನು ಪ್ರೇಮಕಥೆ ಅಂದಿರಿ. ಇಡೀ ಪುಸ್ತಕದಲ್ಲಿ ಇಬ್ಬರೂ ಬರೀ ಕಾಲೆಳೆದುಕೊಳ್ಳುತ್ತಾರೆ. ನಡುವಿನಲ್ಲಿ ಎಷ್ಟೋ ಅಧ್ಯಾಯ ಜೊತೆಗೂ ಇರುವುದಿಲ್ಲ. ಇದೆಂಥ ಪ್ರೇಮ?
*ಬಿ.ಎ. ವಿದ್ಯಾರ್ಥಿನಿ, ಶಿವಮೊಗ್ಗ*

ಮಗು, ನಿನ್ನ ದೂರಿನಲ್ಲೇ ಉತ್ತರ ಇದೆ. ಜೊತೆಗಿಲ್ಲದಿದ್ದಾಗ ನಿನಗೆ ಕೊರತೆ ಅನ್ನಿಸಿತಲ್ಲ? ಲೇಖಕಿಗೆ ಬೇಕಾಗಿದ್ದುದೂ ಅದೇ.

ಮೊದಲ ಅಧ್ಯಾಯದ ಟೀ ಅಂಗಡಿಗೆ ಇನ್ನೊಮ್ಮೆ ಹೋಗು. ಬಹಳ ದಿನದ ಮೇಲೆ ರಸ್ತೆಯಲ್ಲಿ ಅಕಸ್ಮಾತ್ ಸಿಕ್ಕ ಗೆಳೆಯ ಗೆಳತಿ. ಅವನಿಗೆ ಟೀ ಮತ್ತು ಬನ್ನು, ಅವಳಿಗೆ ಟೀ ಮತ್ತು ಬೆಣ್ಣೆ ಸವರಿದ ಟೋಸ್ಟು. ಇಬ್ಬರ ಟೀಯೂ ಬೇರೆ ಬೇರೆ ಪಾತ್ರೆಯಲ್ಲೇ ಬರಬೇಕು ಅಂತ ಅವಳು ಗದರುತ್ತಾಳೆ. ಯಾರ ಖರ್ಚು ಅವರದು. ಆಮೇಲೆ ಇಬ್ಬರೂ ದುಡ್ಡು ಸಿಗುವ ದಾರಿಗಳನ್ನು ಲೆಕ್ಕ ಹಾಕುತ್ತಾರೆ: ಯಾರಾದರೂ ಆಸ್ತಿ ಬಿಟ್ಟು ಸಾಯಬೇಕು, ದುಡ್ಡಿರುವವರನ್ನು ಮದುವೆಯಾಗಬೇಕು, ಇಲ್ಲ ದುಡಿಯಬೇಕು. ಟಪೆನ್ಸ್‌ಗೆ ಎರಡನೆಯ ದಾರಿ ಇಷ್ಟ. ಅದನ್ನು ಟಾಮಿಯ ಮುಖಕ್ಕೇ ಹೇಳುತ್ತಾಳೆ. ಅವನ ಜೇಬಿನಲ್ಲಿ ಕಾಸಿಲ್ಲ ಅಂತ ಗೊತ್ತಿದ್ದೇ ಹೇಳುತ್ತಾಳೆ.

ಈಗ ಮುಂದೆ ಏನಾಗುತ್ತದೆ ನೋಡು. ಜೂಲಿಯಸ್ ಅಂತ ಒಬ್ಬ ಅಮೆರಿಕದ ಕೋಟ್ಯಧಿಪತಿ ಬರುತ್ತಾನೆ. ನೋಡಲು ಚೆನ್ನಾಗಿದ್ದಾನೆ, ಕೈ ಬಿಚ್ಚಿ ಖರ್ಚು ಮಾಡುತ್ತಾನೆ. ಟಾಮಿ ಕಾಣೆಯಾಗಿರುವ ಹೊತ್ತಿನಲ್ಲೇ ಟಪೆನ್ಸ್‌ಳನ್ನು ಮದುವೆಗೆ ಕೇಳುತ್ತಾನೆ. ಅವಳು ಬೇಕು ಅಂದ ಎರಡನೆಯ ದಾರಿ ತಾನಾಗಿ ಬಾಗಿಲಿಗೆ ಬಂದು ನಿಂತಿದೆ. ಅವಳಿಗೆ ಯಾಕೆ ಖುಷಿಯಾಗುವುದಿಲ್ಲ? ಎದೆ ಬಡಿದುಕೊಂಡಿತು, ಕಣ್ಣು ತುಂಬಿತು ಅಂತ ಲೇಖಕಿ ಪುಟಗಟ್ಟಲೆ ಬರೆಯಬಹುದಿತ್ತು. ಬರೆಯಲಿಲ್ಲ. ಹುಡುಗಿ ಸಿಡಿಮಿಡಿಗುಟ್ಟುತ್ತಾಳೆ, ಅಷ್ಟೇ.

ನಮ್ಮ ಮನೆಯವರು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದರು. 38 ವರ್ಷದ ಸಂಸಾರದಲ್ಲಿ ಒಂದು ಸಲವೂ ಒಳ್ಳೆಯ ಮಾತು ಎದುರಿಗೆ ಆಡಿದವರಲ್ಲ. ಆದರೆ ರಾತ್ರಿ ಒಂಬತ್ತಕ್ಕೆ ಲೈಬ್ರರಿಯ ಷಟರ್ ಎಳೆಯಲು ಮಳೆ ಬಂದರೂ ಬರುತ್ತಿದ್ದರು. ಬಂದು, 'ಇವತ್ತೂ ಲೆಕ್ಕ ತಪ್ಪಿಸಿದೀಯಾ?' ಅಂತ ಬೈಯುತ್ತಿದ್ದರು. ಈ ಪುಸ್ತಕದ ಪ್ರೇಮ ಆ ಜಾತಿಯದು. ನಿನಗೆ ಇಪ್ಪತ್ತು ವರ್ಷ. ಇಷ್ಟವಾಗದಿದ್ದರೆ ಪರವಾಗಿಲ್ಲ, ಮಾರಬೇಡ, ಇಟ್ಟುಕೊಂಡಿರು.

ಅರ್ಧ ಪುಸ್ತಕಕ್ಕೇ ಕೇಡಿ ಯಾರು ಅಂತ ಹಿಡಿದುಬಿಟ್ಟೆ. ಅಷ್ಟು ಸುಲಭವಾಗಿ ಗೊತ್ತಾಗುವ ಪತ್ತೇದಾರಿಯನ್ನು ಓದಿ ಏನು ಪ್ರಯೋಜನ? ಪ್ರೇಮ ಸೇರಿಸಿದ್ದರಿಂದ ಒಗಟು ತೆಳುವಾಯಿತು ಅಂತ ನನ್ನ ಅಭಿಪ್ರಾಯ.
*ನಿವೃತ್ತ ಗಣಿತ ಮೇಷ್ಟ್ರು, ದಾವಣಗೆರೆ*

ಮೇಷ್ಟ್ರೇ, ನಿಮ್ಮ ಪಕ್ಷದಲ್ಲಿ ದೊಡ್ಡವರೇ ಇದ್ದಾರೆ. ಎಸ್.ಎಸ್. ವ್ಯಾನ್ ಡೈನ್ ಎಂಬ ಅಮೆರಿಕದ ಪತ್ತೇದಾರಿ ಲೇಖಕ 1928ರಲ್ಲಿ ಇಪ್ಪತ್ತು ನಿಯಮ ಬರೆದಿಟ್ಟ. ಮೂರನೆಯದೇ ಪ್ರೇಮ ಕೂಡದು ಅಂತ. ಅಪರಾಧಿಯನ್ನು ಕಟಕಟೆಗೆ ತರುವುದಷ್ಟೇ ಕೆಲಸ, ಹುಡುಗ ಹುಡುಗಿಯನ್ನು ಮದುವೆ ಮಂಟಪಕ್ಕೆ ತರುವುದಲ್ಲ ಎಂಬುದು ಅವನ ವಾದ. ನಿಯಮ ಬರುವ ಆರು ವರ್ಷ ಮೊದಲೇ ಕ್ರಿಸ್ಟಿ ಅದನ್ನು ಮುರಿದಾಗಿತ್ತು.

ಕೇಡಿ ಸುಲಭವಾಗಿ ಸಿಗುತ್ತಾನೆ ಎಂಬುದನ್ನು ಒಪ್ಪುತ್ತೇನೆ. ಕೊನೆಯಲ್ಲಿ ಅನುಮಾನ ಇಬ್ಬರ ಮಧ್ಯೆ ತೂಗಾಡುತ್ತದೆ. ನಿಮ್ಮಂಥವರಿಗೆ ಅದು ಒಂದನೇ ಕ್ಲಾಸಿನ ಲೆಕ್ಕ. ಆಕೆಯ ಮುಂದಿನ ಪುಸ್ತಕಗಳಲ್ಲಿರುವ ಬಿಗಿ ಇಲ್ಲಿಲ್ಲ. ಅಕಸ್ಮಾತ್ತುಗಳೂ ಜಾಸ್ತಿ. ಯಾರೋ ಇಬ್ಬರು ರಸ್ತೆಯಲ್ಲಿ ಜೇನ್ ಫಿನ್ ಹೆಸರು ಹೇಳಿದ್ದು ಟಾಮಿಯ ಕಿವಿಗೇ ಬೀಳಬೇಕೆ? ಅದನ್ನೇ ಟಪೆನ್ಸ್ ಮರುದಿನ ಸುಮ್ನೆ ಬಾಯಿಗೆ ಬಂದ ಹೆಸರು ಅಂತ ಹೇಳಬೇಕೆ? ಆದರೆ ಅಲ್ಲೊಂದು ತಮಾಷೆ ಇದೆ. ಕ್ರಿಸ್ಟಿ ಒಮ್ಮೆ ಟೀ ಅಂಗಡಿಯಲ್ಲಿದ್ದಾಗ ಪಕ್ಕದ ಮೇಜಿನವರು ಜೇನ್ ಫಿಶ್ ಎಂಬ ಯಾರ ಬಗ್ಗೆಯೋ ಮಾತಾಡುತ್ತಿದ್ದರಂತೆ. ಆ ಹೆಸರು ಕಿವಿಗೆ ಬಿದ್ದದ್ದೇ ಕಥೆಗೆ ಬೀಜವಾಯಿತು ಅಂತ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಫಿಶ್ ಹೋಗಿ ಫಿನ್ ಆಯಿತು.

ಕೇಡಿ ಗೊತ್ತಾದರೆ ಓದು ಮುಗಿಯಿತು ಅಂತೀರಲ್ಲ, ನನ್ನ ಲೈಬ್ರರಿಯ ಪ್ರತಿಯ ಕಥೆ ಕೇಳಿ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕದ ರಾಶಿಯಿಂದ ಹನ್ನೆರಡು ರೂಪಾಯಿಗೆ ತಂದದ್ದು. ಖಾಕಿ ಕಾಗದದ ರಟ್ಟು ಹಾಕಿ ಬಾಡಿಗೆಗೆ ಬಿಟ್ಟೆ. ಮೂರನೇ ವಾರಕ್ಕೆ ಒಬ್ಬರು ಕೆಂಡವಾಗಿ ಬಂದರು. ಯಾರೋ ಪುಣ್ಯಾತ್ಮರು ಒಂದು ಪುಟದ ಅಂಚಿಗೆ ಪೆನ್ಸಿಲಿನಲ್ಲಿ ಒಬ್ಬನ ಹೆಸರು ಬರೆದು 'ಇವನೇ ಬ್ರೌನ್' ಅಂತ ಎರಡು ಗೆರೆ ಎಳೆದಿದ್ದರು. ಲೆಂಡಿಂಗ್ ಲೈಬ್ರರಿ ನಡೆಸಿದವರಿಗೆ ಈ ಕಾಯಿಲೆ ಗೊತ್ತು. ಸಾರಿ ಹೇಳಿದೆ, ಅವತ್ತಿನ ಐವತ್ತು ಪೈಸೆ ಬಾಡಿಗೆ ಬಿಟ್ಟೆ. ಹೇಗೂ ತಂದಿದ್ದೀರಲ್ಲ, ಮುಗಿಸಿಬಿಡಿ ಅಂದೆ. ನಾಲ್ಕು ದಿನ ಬಿಟ್ಟು ಅವರೇ ನಗುತ್ತಾ ಬಂದರು. ಪೆನ್ಸಿಲಿನ ಹೆಸರು ತಪ್ಪಾಗಿತ್ತು!

ಬರೆದವರು ಪೆದ್ದರೋ ಪಾಕಡಾಗಳೋ ಇವತ್ತಿಗೂ ಗೊತ್ತಿಲ್ಲ. ನಾನಂತೂ ರಬ್ಬರು ತೆಗೆದುಕೊಳ್ಳಲಿಲ್ಲ. ಆಮೇಲೆ ಎಷ್ಟೋ ಜನ ಆ ಹೆಸರನ್ನು ನಂಬಿಕೊಂಡು ಓದಿದರು, ನನ್ನನ್ನು ಬೈದುಕೊಂಡರು, ಕೊನೆಗೆ ನಕ್ಕರು. ಕೇಡಿ ಗೊತ್ತು ಅಂದುಕೊಂಡವರು ಯಾರೂ ಪುಸ್ತಕವನ್ನು ಅರ್ಧಕ್ಕೆ ಬಿಡಲಿಲ್ಲ ಮೇಷ್ಟ್ರೇ. ಹುಡುಗ ಹುಡುಗಿ ಏನಾಗುತ್ತಾರೆ ನೋಡೋಣ ಅಂತ ಓದಿದವರೇ ಎಲ್ಲ. ನೀವೂ ಮುಗಿಸಿದ್ದೀರಿ ಅಲ್ವಾ?

ಟಪೆನ್ಸ್ ಅಂದರೆ ಏನು? ಹೆಣ್ಣುಮಗಳಿಗೆ ಇಡುವ ಹೆಸರೇ ಅದು?
*ಗೃಹಿಣಿ, ಶಿರಸಿ*

ಅಡ್ಡಹೆಸರು ಕಣ್ರೀ. ಎರಡು ಪೆನ್ನಿ. ಆಗಿನ ಲೆಕ್ಕದಲ್ಲಿ ಒಂದು ಪೌಂಡಿಗೆ 240 ಪೆನ್ನಿ. ಅಂದರೆ ಅವಳು ನಮ್ಮ ಹಳೆಯ ಮಾತಿನ ದುಗ್ಗಾಣಿ. ನಿಜವಾದ ಹೆಸರು ಪ್ರುಡೆನ್ಸ್. ಮುಂದಾಲೋಚನೆ, ವಿವೇಕ ಅಂತ ಅರ್ಥ. ಪಾದ್ರಿಯೊಬ್ಬರ ಐದನೇ ಮಗಳು. ಅಪ್ಪ ಆಸೆಪಟ್ಟು ಇಟ್ಟ ಹೆಸರಿಗೂ ಅವಳ ಗುಣಕ್ಕೂ ಸಂಬಂಧವೇ ಇಲ್ಲ.

ನಾನು ನರ್ಸ್. ಟಪೆನ್ಸ್ ಯುದ್ಧಕಾಲದ ಆಸ್ಪತ್ರೆಯಲ್ಲಿ ಮಾಡಿದ ಕೆಲಸದ ಪಟ್ಟಿ ಓದಿ ನೈಟ್ ಡ್ಯೂಟಿಯಲ್ಲಿ ಜೋರಾಗಿ ನಕ್ಕುಬಿಟ್ಟೆ. ಬರೆದವರು ಆಸ್ಪತ್ರೆ ಕಂಡವರೇ ಇರಬೇಕು?
*ಸ್ಟಾಫ್ ನರ್ಸ್, ಮಂಗಳೂರು*

ಹೌದು, ಕಂಡವರೇ. ಮೊದಲ ತಿಂಗಳು ದಿನಕ್ಕೆ 648 ತಟ್ಟೆ ತೊಳೆದದ್ದು, ಎರಡನೇ ತಿಂಗಳು ಬಡ್ತಿ ಸಿಕ್ಕಿ ಅದೇ ತಟ್ಟೆ ಒರೆಸಿದ್ದು, ಮೂರನೇ ತಿಂಗಳು ಇನ್ನೊಂದು ಬಡ್ತಿ ಸಿಕ್ಕಿ ಆಲೂಗಡ್ಡೆ ಸಿಪ್ಪೆ ತೆಗೆದದ್ದು. ಆಮೇಲೆ ಒಬ್ಬ ಸಿಸ್ಟರ್‌ನ ಮೊಟ್ಟೆಯನ್ನು ಇನ್ನೊಬ್ಬ ಸಿಸ್ಟರ್ ತಿಂದುಬಿಟ್ಟು ದೊಡ್ಡ ರಾದ್ಧಾಂತ. ಕೂತಲ್ಲೇ ಕಟ್ಟಿದ ಕಥೆಯಲ್ಲಿ ಆ ಮೊಟ್ಟೆ ಬರುವುದಿಲ್ಲ. ಕ್ರಿಸ್ಟಿ ಯುದ್ಧದ ಕಾಲದಲ್ಲಿ ತಮ್ಮೂರು ಟಾರ್ಕಿಯ ಆಸ್ಪತ್ರೆಯಲ್ಲಿ ಮೊದಲು ನರ್ಸಿಂಗ್ ಮಾಡಿದರು, ಆಮೇಲೆ ಔಷಧ ಕೊಡುವ ವಿಭಾಗಕ್ಕೆ ಹೋದರು. ಯಾವ ವಿಷ ಎಷ್ಟು ಹೊತ್ತಿಗೆ ಕೆಲಸ ಮಾಡುತ್ತದೆ ಅಂತ ಕಲಿತದ್ದು ಅಲ್ಲೇ.

ನಿಮ್ಮ ವಾರ್ಡಿನ ಬಡ್ತಿಗಳ ಪಟ್ಟಿಯನ್ನೂ ಒಮ್ಮೆ ಬರೆದು ಕಳಿಸಿ. ಹೆಸರು ಹಾಕುವುದಿಲ್ಲ.

ನಾನು 25 ವರ್ಷ ಕಾರ್ಮಿಕ ಸಂಘದಲ್ಲಿದ್ದವನು. ಈ ಕಾದಂಬರಿಯಲ್ಲಿ ಮುಷ್ಕರ ಮಾಡುವವರೆಲ್ಲ ದೇಶದ್ರೋಹಿಗಳ ಕೈಗೊಂಬೆಗಳು. ಇಂಥದ್ದನ್ನು ತಮಾಷೆ ಅಂತ ಓದಬೇಕೆ?
*ನಿವೃತ್ತ ಕಾರ್ಮಿಕ, ಭದ್ರಾವತಿ*

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಹೇಳಿದ್ದು ಸರಿ. ರಷ್ಯಾದಲ್ಲಿ 1917ರಲ್ಲಿ ಕ್ರಾಂತಿಯಾಗಿ, ಇಂಗ್ಲೆಂಡಿನ ಅನುಕೂಲಸ್ಥರ ಮನೆಗಳಲ್ಲಿ ಮುಂದಿನ ಸರದಿ ನಮ್ಮದೇ ಎಂಬ ಭಯವಿತ್ತು. ಆ ಭಯವನ್ನು ಕ್ರಿಸ್ಟಿ ಹಾಗೇ ಎತ್ತಿ ಕಥೆಗೆ ಹಾಕಿಬಿಟ್ಟರು. ಕಾರ್ಮಿಕ ನಾಯಕರ ಹಿಂದೆ ರಷ್ಯಾದ ಕ್ರಾಂತಿಕಾರಿ ಬೋಲ್ಷೆವಿಕರು, ಅವರ ಹಿಂದೆ ಮಿಸ್ಟರ್ ಬ್ರೌನ್. ಕೂಲಿ ಸಾಲದೆ ಯಾರಾದರೂ ಮುಷ್ಕರ ಮಾಡಬಹುದು ಎಂಬ ಯೋಚನೆ ಒಂದು ಸಾಲಿಗೂ ಬರುವುದಿಲ್ಲ. ನಾಲ್ಕು ವರ್ಷದ ಮೇಲೆ, 1926ರ ಮೇ ತಿಂಗಳಲ್ಲಿ, ಬ್ರಿಟನ್ನಿನಲ್ಲಿ ನಿಜವಾದ ಸಾರ್ವತ್ರಿಕ ಮುಷ್ಕರ ಆಯಿತು. ಒಂಬತ್ತು ದಿನ. ಕಾರಣ ಕಲ್ಲಿದ್ದಲು ಗಣಿಯವರ ಕೂಲಿ ಮತ್ತು ದುಡಿಮೆಯ ಹೊತ್ತು. ಕೇಡಿಯೂ ಇಲ್ಲ, ಮುಖವಾಡವೂ ಇಲ್ಲ.

ನಮ್ಮಪ್ಪ ಗಿರಣಿ ಕೆಲಸದವರು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಮೂರು ವಾರ ಮುಷ್ಕರ ನಡೆದು, ಮನೆಯಲ್ಲಿ ಹೊತ್ತು ಹೊತ್ತಿಗೂ ರಾಗಿ ಅಂಬಲಿ. ಹಾಗಾಗಿ ಆ ಅಧ್ಯಾಯಗಳು ಬಂದಾಗ ನನಗೂ ಬಾಯಿ ಕಹಿಯಾಗುತ್ತದೆ. ಪುಸ್ತಕದ ಅತ್ಯಂತ ಬಡಕಲು ಭಾಗವೂ ಅದೇ. ಟಾಮಿ, ಟಪೆನ್ಸ್ ಇಬ್ಬರೂ ಹೊಟ್ಟೆಗಿಲ್ಲದವರು, ಕೆಲಸ ಕೇಳಿ ಕೇಳಿ ಸೋತವರು. ಮುಷ್ಕರದವರ ಕಷ್ಟ ಅವರಿಗೇ ಅರ್ಥವಾಗಬೇಕಿತ್ತು. ಆಗುವುದಿಲ್ಲ. ಇದನ್ನು ನೆನಪಿಟ್ಟುಕೊಂಡೇ ನಾನು ಮಿಕ್ಕಿದ್ದಕ್ಕೆ ನಗುತ್ತೇನೆ. ನಿಮಗೆ ನಗು ಬರದಿದ್ದರೆ ನಿಮ್ಮ ಜೊತೆ ಜಗಳವಿಲ್ಲ.

ಕಾದಂಬರಿ ಲುಸಿಟಾನಿಯಾ ಹಡಗು ಮುಳುಗುವುದರಿಂದ ಶುರುವಾಗುತ್ತದೆ. ಎರಡು ಟಾರ್ಪಿಡೊ ಬಡಿದವು ಅಂತಿದೆ. ನಮ್ಮ ಪಾಠದಲ್ಲಿ ಒಂದೇ ಅಂತಿದೆ. ಯಾವುದು ಸರಿ?
*ಇತಿಹಾಸದ ವಿದ್ಯಾರ್ಥಿ, ಧಾರವಾಡ*

ನಿಮ್ಮ ಪಾಠ ಸರಿ. ನ್ಯೂಯಾರ್ಕಿನಿಂದ ಲಿವರ್‌ಪೂಲಿಗೆ ಬರುತ್ತಿದ್ದ ಹಡಗು. 1915ರ ಮೇ 7ರ ಮಧ್ಯಾಹ್ನ ಐರ್ಲೆಂಡಿನ ದಕ್ಷಿಣ ಕರಾವಳಿಯ ಹತ್ತಿರ ಜರ್ಮನಿಯ ಯು-20 ಜಲಾಂತರ್ಗಾಮಿ ಒಂದೇ ಟಾರ್ಪಿಡೊ ಬಿಟ್ಟಿತು. ಕೂಡಲೇ ಹಡಗಿನೊಳಗೆ ಇನ್ನೊಂದು ಸ್ಫೋಟ. ಹದಿನೆಂಟು ನಿಮಿಷದಲ್ಲಿ ಮುಳುಗಿತು, ಸುಮಾರು 1,200 ಜನ ಸತ್ತರು. ಎರಡು ಸದ್ದು ಕೇಳಿದ್ದರಿಂದ ಎರಡು ಟಾರ್ಪಿಡೊ ಅಂತ ಜನ ನಂಬಿದರು. ಅದೇ ವರ್ಷ ಬ್ರಿಟನ್ನಿನ ವಿಚಾರಣೆಯೂ ಎರಡು ಎಂದೇ ತೀರ್ಪು ಕೊಟ್ಟಿತು. ಕ್ರಿಸ್ಟಿ ಅದನ್ನೇ ಬರೆದರು.

ಅಂಥ ಘೋರ ಸಾವಿನ ದೃಶ್ಯದಿಂದ ಶುರುಮಾಡಿ, ಪುಟ ತಿರುಗಿಸಿದರೆ ಟೀ ಮತ್ತು ಬನ್ನು! ಮೊದಲ ಸಲ ಓದಿದಾಗ ನನಗೆ ಇದು ಅತಿಯಾಯಿತು ಅನ್ನಿಸಿತ್ತು. ಈಗ ಅನ್ನಿಸುವುದೇ ಬೇರೆ. ಯುದ್ಧ ಕಂಡು ಬಂದ ಇಬ್ಬರು ಅದರ ನೋವಿನ ಮಾತೇ ಎತ್ತದೆ ಬೆಣ್ಣೆ ಟೋಸ್ಟಿನ ಲೆಕ್ಕ ಹಾಕುತ್ತಾರಲ್ಲ, ಟಾಮಿಗೆ ಗಾಯವಾಗಿತ್ತು ಎಂಬುದೂ ಮಾತಿನ ಮಧ್ಯೆ ತೇಲಿಹೋಗುತ್ತದಲ್ಲ, ಆ ಹುಡುಗಾಟದ ಅಡಿಯಲ್ಲಿ ಏನೋ ಇದೆ.

ಇದನ್ನು ಕನ್ನಡಕ್ಕೆ ತರುವ ಆಸೆ. ಅರ್ಧ ಮಾಡಿಟ್ಟಿದ್ದೇನೆ. ನೂರು ವರ್ಷ ದಾಟಿದ ಪುಸ್ತಕ, ಯಾರ ಅನುಮತಿಯೂ ಬೇಡ ತಾನೇ? ಅವರಿಬ್ಬರೂ ಕರೆದುಕೊಳ್ಳುವ 'ಓಲ್ಡ್ ಬೀನ್', 'ಓಲ್ಡ್ ಥಿಂಗ್'ಗೆ ನಾನು 'ಮಾರಾಯ', 'ಮಾರಾಯ್ತಿ' ಹಾಕಿದ್ದೇನೆ. ಆಗಬಹುದಾ?
*ಅಂಚೆ ನೌಕರ, ಪುತ್ತೂರು*

ಮಾರಾಯ್ತಿ ಭೇಷ್! ಮೈಸೂರಿನ ನಾನು ಎಷ್ಟು ತಿಣುಕಿದರೂ 'ಏನಯ್ಯಾ'ದಿಂದ ಆಚೆಗೆ ಹೋಗುತ್ತಿರಲಿಲ್ಲ. ಅದರಲ್ಲಿ ಸಲಿಗೆ ಇದೆ, ಜೊತೆಗೊಂಚೂರು ಅಧಿಕಾರವೂ ಇಣುಕುತ್ತದೆ. ಮಾರಾಯ್ತಿಯಲ್ಲಿ ಬರೀ ಸಲಿಗೆ.

ಇನ್ನು ಅನುಮತಿ. ಇಲ್ಲಿ ಎಡವಬೇಡಿ. ಅಮೆರಿಕದಲ್ಲಿ ಈ ಪುಸ್ತಕದ ಹಕ್ಕು ಮುಗಿದಿದೆ. ಅದಕ್ಕೇ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ನಮ್ಮಲ್ಲಿ ಲೆಕ್ಕ ಬೇರೆ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಎಣಿಸಬೇಕು. ಕ್ರಿಸ್ಟಿ ತೀರಿಕೊಂಡದ್ದು 1976ರ ಜನವರಿಯಲ್ಲಿ. ಅಲ್ಲಿಗೆ 2036ರ ಕೊನೆಯವರೆಗೆ ಅನುಮತಿ ಇಲ್ಲದೆ ಅಚ್ಚು ಹಾಕಿಸುವ ಹಾಗಿಲ್ಲ. ಮನೆಮಂದಿಗೆ ಓದಿ ಹೇಳಲು ಅನುವಾದ ಮಾಡಿಟ್ಟುಕೊಂಡರೆ ಯಾರೂ ಕೇಳುವುದಿಲ್ಲ. ಅಚ್ಚಿನ ಯೋಚನೆ ಇದ್ದರೆ ಮಿಕ್ಕರ್ಧಕ್ಕೆ ಕೈ ಹಾಕುವ ಮೊದಲೇ ಹಕ್ಕುದಾರರಿಗೆ ಕಾಗದ ಬರೆಯಿರಿ. ಮೊದಲ ಅಧ್ಯಾಯ ನನಗೆ ಕಳಿಸಿ. ಮಾರಾಯ್ತಿಯನ್ನು ಓದುವ ಆಸೆಯಾಗಿದೆ.

ನನಗೂ ನನ್ನ ಗಂಡನಿಗೂ ಇಬ್ಬರಿಗೂ ಹಿಡಿಸಿದ ಮೊದಲ ಪುಸ್ತಕ ಇದು. ಇವರದ್ದು ಮುಂದೆ ಇದೆಯಾ?
*ಹೊಸ ಮದುಮಗಳು, ಹುಬ್ಬಳ್ಳಿ*

ಇದೆಯಮ್ಮ, ಇನ್ನೂ ನಾಲ್ಕಿವೆ: 1929, 1941, 1968, 1973. ಮೊದಲನೆಯದು ಕಥೆಗಳ ಸಂಗ್ರಹ, ಮಿಕ್ಕವು ಕಾದಂಬರಿ. ವಿಶೇಷ ಅಂದರೆ ಇವರಿಗೆ ವಯಸ್ಸಾಗುತ್ತದೆ. ಪೊಯ್ರೊ ಮುದುಕನಾಗಿಯೇ ಬಂದು ಹಾಗೇ ಉಳಿದ. ಇವರು ಮಾತ್ರ ಮದುವೆಯಾಗಿ, ಮಕ್ಕಳಾಗಿ, ಮೊಮ್ಮಕ್ಕಳನ್ನು ಕಂಡು, ಕೊನೆಯದರಲ್ಲಿ ನಾಯಿ ಸಾಕಿಕೊಂಡು ಹಳೇ ಮನೆಯೊಂದನ್ನು ಜಾಲಾಡುತ್ತಾರೆ. ಅದು ಕ್ರಿಸ್ಟಿ ಬರೆದ ಕೊನೆಯ ಕಾದಂಬರಿಯೂ ಹೌದು. ನಿಜ ಹೇಳಬೇಕೆಂದರೆ ಅದು ಎಳೆದಾಡಿದ ಹಾಗಿದೆ. ಅದನ್ನು ಕಡೆಗೆ ಇಟ್ಟುಕೊಳ್ಳಿ.

1941ರದ್ದನ್ನು ಮಾತ್ರ ಬಿಡಬೇಡಿ. ಎರಡನೇ ಮಹಾಯುದ್ಧದ ಗೂಢಚಾರಿಕೆಯ ಕಥೆ. ಅದರಲ್ಲಿ ಮೇಜರ್ ಬ್ಲೆಚ್ಲಿ ಅಂತ ಒಬ್ಬ ಬರುತ್ತಾನೆ. ಬ್ಲೆಚ್ಲಿ ಪಾರ್ಕಿನಲ್ಲಿ ಆಗ ಬ್ರಿಟಿಷರು ಜರ್ಮನರ ಗುಪ್ತ ಸಂದೇಶ ಬಿಡಿಸುತ್ತಿದ್ದರು. ಪರಮ ರಹಸ್ಯ. ಈಯಮ್ಮನಿಗೆ ಹೇಗೆ ಗೊತ್ತಾಯಿತು ಅಂತ ಅಲ್ಲಿನ ಬೇಹುಗಾರಿಕೆಯವರು ಗಾಬರಿಯಾಗಿ, ಪರಿಚಯದವರ ಮೂಲಕ ಕೇಳಿಸಿದರು. ಪಾಪ, ಆಕೆಯ ರೈಲು ಒಮ್ಮೆ ಬ್ಲೆಚ್ಲಿ ಸ್ಟೇಷನ್ನಿನಲ್ಲಿ ಸಿಕ್ಕಿಹಾಕಿಕೊಂಡಿತ್ತಂತೆ. ಆ ಸಿಟ್ಟಿಗೆ ತನಗೆ ಹಿಡಿಸದ ಪಾತ್ರಕ್ಕೆ ಆ ಊರಿನ ಹೆಸರಿಟ್ಟಿದ್ದರು! ಹುಬ್ಬಳ್ಳಿ ಜಂಕ್ಷನ್ನಿನಲ್ಲಿ ರೈಲಿಗೆ ಕಾದವರಿಗೆ ಈ ಸಿಟ್ಟು ಅರ್ಥವಾಗುತ್ತದೆ.

ಅಮ್ಮಾ, ನನ್ನದು ಹಳೇ ಪ್ರತಿ. ಕೊನೆಯ ಇಪ್ಪತ್ತು ಮೂವತ್ತು ಪುಟ ಇಲ್ಲವೇ ಇಲ್ಲ. ಮೂರು ದಿನದಿಂದ ನಿದ್ದೆ ಇಲ್ಲ. ಮಿಸ್ಟರ್ ಬ್ರೌನ್ ಯಾರು? ಒಂದೇ ಒಂದು ಮಾತಿನಲ್ಲಿ ಹೇಳಿಬಿಡಿ.
*ಕಿರಾಣಿ ಅಂಗಡಿ, ಚಾಮರಾಜನಗರ*

ಹೇಳಲಾರೆನಪ್ಪ. ಇಲ್ಲಿ ಒಂದು ಹೆಸರು ಬರೆದರೆ ಮಿಕ್ಕವರೆಲ್ಲ ಸೇರಿ ನನ್ನನ್ನು ಬಿಡುವುದಿಲ್ಲ. ನನ್ನ ಪ್ರತಿಯ ಕೊನೆಯ ಅಧ್ಯಾಯಗಳನ್ನು ಜೆರಾಕ್ಸ್ ಮಾಡಿಸಿ ಶನಿವಾರ ಅಂಚೆಗೆ ಹಾಕಿದ್ದೇನೆ. ಪುಟ ಎಲ್ಲಿಂದ ಹೋಗಿದೆ ಅಂತ ನೀವು ಬರೆಯಲಿಲ್ಲವಾದ್ದರಿಂದ ಸ್ವಲ್ಪ ಹಿಂದಿನಿಂದಲೇ ಮಾಡಿಸಿದ್ದೇನೆ. ಅಂಚಿನಲ್ಲಿ ಪೆನ್ಸಿಲಿನ ಬರಹ ಕಂಡರೆ ನಂಬಬೇಡಿ.